ನಡುಗುವ ಗಾಡಿಯ ನಾಡಿ

"ಎಂಬತ್ತಕ್ಕೆ ಹೋದ್ರೆ ಸ್ಟೇರಿಂಗ್ ಅದುರುತ್ತೆ ಸಾರ್, ಖಾಲಿ ಇದ್ರೆ ಎತ್ತೆತ್ತಿ ಹಾಕುತ್ತೆ." ಹತ್ತು ಹನ್ನೆರಡು ವರ್ಷ ದುಡಿದ ಪಿಕಪ್ಪನ್ನು ಗ್ಯಾರೇಜಿಗೆ ತಂದವರ ದೂರು ಸಾಮಾನ್ಯವಾಗಿ ಹೀಗೇ ಇರುತ್ತದೆ. ಇಷ್ಟು ಹೇಳಿದ್ದೇ ತಡ, ಜಾಕ್ ಏರುತ್ತದೆ, ಸ್ಪ್ಯಾನರ್ ಕೈಗೆ ಬರುತ್ತದೆ. ಮೊದಲು ವೀಲ್ ಬ್ಯಾಲೆನ್ಸಿಂಗ್. ಅದಕ್ಕೆ ಹೋಗದಿದ್ದರೆ ಶಾಕ್ ಅಬ್ಸಾರ್ಬರ್. ಅದಕ್ಕೂ ಬಗ್ಗದಿದ್ದರೆ ಬುಷ್‌ಗಳು, ಆಮೇಲೆ ಕ್ರಾಸ್, ಆಮೇಲೆ ಎಂಜಿನ್ ಮೌಂಟಿಂಗ್. ಕೊನೆಗೆ ಬಿಲ್ಲಿನ ಜೊತೆ ಒಂದು ಸಮಾಧಾನದ ಮಾತು: "ಹಳೇ ಗಾಡಿ ಅಲ್ವಾ, ಅಷ್ಟೇ."

ಗಾಡಿ ಹಳತು ಎಂಬುದು ನಿಜ. ಆದರೆ ವಯಸ್ಸೇ ಬಂದು ಸ್ಟೇರಿಂಗನ್ನು ಅಲ್ಲಾಡಿಸುವುದಿಲ್ಲ. ಅಲ್ಲಾಡಿಸುವುದು ಯಾವುದೋ ಒಂದು ಭಾಗ, ಮತ್ತು ಪ್ರತಿಯೊಂದು ಭಾಗಕ್ಕೂ ಅದರದೇ ಆದ ಲೆಕ್ಕವಿದೆ: ಇಂಥ ವೇಗದಲ್ಲಿ ಸೆಕೆಂಡಿಗೆ ಇಷ್ಟು ಸಲ. ಚಕ್ರದ ಲೆಕ್ಕ ಬೇರೆ, ಪ್ರೊಪೆಲ್ಲರ್ ಶಾಫ್ಟಿನದು ಬೇರೆ, ಎಂಜಿನ್ನಿನದು ಇನ್ನೂ ಬೇರೆ. ಹೀಗಾಗಿ ಬಿಚ್ಚುವುದಕ್ಕೆ ಮೊದಲು ಎಣಿಸಿದರೆ ಅರ್ಧ ಬಿಲ್ಲು ಉಳಿಯುತ್ತದೆ. ಎಣಿಸಲು ಬೇಕಾದದ್ದು ಹೈಸ್ಕೂಲಿನ ಗಣಿತ ಮಾತ್ರ.

ಮೇಲಿನ ದೂರಿನಲ್ಲಿ ಎರಡು ಕಾಯಿಲೆಗಳು ಒಂದಾಗಿ ಕೂತಿವೆ. ಖಾಲಿ ಗಾಡಿ ಎತ್ತಿ ಹಾಕುವುದು ರಸ್ತೆಯ ಏಟಿಗೆ ಗಾಡಿ ಕೊಡುವ ಉತ್ತರ. ರಸ್ತೆ ನುಣ್ಣಗಿದ್ದರೆ ಅದು ಇರುವುದೇ ಇಲ್ಲ. ಎಂಬತ್ತರ ಅದುರಾಟಕ್ಕೆ ರಸ್ತೆಯ ಹಂಗಿಲ್ಲ. ಗಾಡಿಯೊಳಗೆ ತಿರುಗುವ ಏನೋ ಅದನ್ನು ಹುಟ್ಟಿಸುತ್ತಿದೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇವನ್ನು ಬೇರ್ಪಡಿಸುವುದು ಮೊದಲ ಕೆಲಸ.

ಎತ್ತಿ ಹಾಕುವುದನ್ನೇ ಮೊದಲು ನೋಡೋಣ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ ಪಿಕಪ್ಪೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಶ್ರೀನಿವಾಸಪುರದ ಕಡೆಯ ತೋಟದಿಂದ ಕ್ರೇಟುಗಳನ್ನು ತುಂಬಿಕೊಂಡು ಹೊರಟಾಗ ಗಾಡಿ ಮೆತ್ತಗೆ ತೂಗುತ್ತ ಹೋಗುತ್ತದೆ. ಮಾರುಕಟ್ಟೆಯಲ್ಲಿ ಇಳಿಸಿ ವಾಪಸು ಬರುವಾಗ ಅದೇ ರಸ್ತೆ, ಅದೇ ಡ್ರೈವರ್. ಸೊಂಟ ಮಾತ್ರ ಕಳಚಿಕೊಂಡಂತಾಗುತ್ತದೆ. ಕಮಾನು ಪಟ್ಟಿಗಳು ಬದಲಾಗಿಲ್ಲ. ಬದಲಾದದ್ದು ಅವುಗಳ ಮೇಲಿನ ಭಾರ.

ಸ್ಪ್ರಿಂಗಿನ ಮೇಲೆ ಕೂತ ಯಾವುದೇ ಭಾರಕ್ಕೆ ತನ್ನದೇ ಆದ ಕುಣಿತದ ದರವಿರುತ್ತದೆ. ಅದನ್ನು ಸ್ವಾಭಾವಿಕ ಆವೃತ್ತಿ ಎನ್ನುತ್ತೇವೆ. ಇದನ್ನು ಕಂಡುಹಿಡಿಯಲು ಸ್ಪ್ರಿಂಗಿನ ಬಿಗಿತವೂ ಬೇಡ, ಗಾಡಿಯ ತೂಕವೂ ಬೇಡ, ಆ ಭಾರಕ್ಕೆ ಸ್ಪ್ರಿಂಗು ಎಷ್ಟು ತಗ್ಗಿದೆ ಎಂಬ ಒಂದೇ ಅಳತೆ ಸಾಕು ಎಂಬುದು ಭೌತಶಾಸ್ತ್ರ ನಮಗೆ ಮಾಡಿಕೊಟ್ಟ ಉಪಕಾರ. ತಗ್ಗಿದ್ದನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿ; ಸೆಕೆಂಡಿಗೆ ಎಷ್ಟು ಕುಣಿತ ಎಂಬುದು ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತದೆ. ಹೊರೆಯಿದ್ದಾಗ ಹಿಂದಿನ ಪಟ್ಟಿಗಳು 16 ಸೆಂಟಿಮೀಟರ್ ತಗ್ಗಿವೆ ಎನ್ನಿ. 16ರ ವರ್ಗಮೂಲ 4, ಅಂದರೆ ಸೆಕೆಂಡಿಗೆ 1.25 ಕುಣಿತ. ಖಾಲಿಯಾದಾಗ ತಗ್ಗು 4 ಸೆಂಟಿಮೀಟರ್ ಆದರೆ 2.5 ಕುಣಿತ. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ, ಆದ್ದರಿಂದ ಇಲ್ಲಿಯವರೆಗಿನ ತೂಗಾಟವನ್ನು ದೇಹ ಸಹಿಸಿಕೊಳ್ಳುತ್ತದೆ.

ಈಗ ನಮ್ಮ ಗಾಡಿಗಳಿಗೆ ಆಗುವುದನ್ನು ನೋಡಿ. ಹೊರೆ ಜಾಸ್ತಿ ಹಾಕಬೇಕೆಂದು ಮಾಲೀಕರು ಹೆಚ್ಚುವರಿ ಪಟ್ಟಿ ಕಟ್ಟಿಸುತ್ತಾರೆ, ಒಂದಲ್ಲ, ಕೆಲವೊಮ್ಮೆ ಎರಡು ಮೂರು. ಖಾಲಿ ಗಾಡಿಗೆ ಆ ಕಟ್ಟು ಬರೀ 1 ಸೆಂಟಿಮೀಟರ್ ತಗ್ಗಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ 5 ಕುಣಿತ. ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ನೋಯುವುದು ಸರಿಸುಮಾರು 4ರಿಂದ 8ರ ನಡುವೆ. ಹೊಟ್ಟೆಯೊಳಗಿನ ಅಂಗಗಳೂ ಬೆನ್ನುಮೂಳೆಯೂ ಆ ದರಕ್ಕೆ ತಾವೂ ಕುಣಿಯತೊಡಗುತ್ತವೆ. ಇಡೀ ದೇಹದ ಕಂಪನಕ್ಕೆಂದೇ ಇರುವ ಐಎಸ್‌ಒ 2631 ಎಂಬ ಮಾನದಂಡ ಈ ವಲಯದ ಕಂಪನಕ್ಕೆ ಹೆಚ್ಚು ಅಂಕ ಹಾಕುವುದು ಅದಕ್ಕೇ. ಹೊರೆಗೆಂದು ಕಟ್ಟಿಸಿದ ಪಟ್ಟಿ ಡ್ರೈವರನ ಬೆನ್ನಿಗೆ ಸರಿಯಾಗಿ ಗುರಿಯಿಟ್ಟಂತಾಗುತ್ತದೆ. ಇಂಥ ಗಾಡಿಗೆ ಎಷ್ಟು ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೂ ದುಡ್ಡು ದಂಡ.

ಪಟ್ಟಿ ಹೆಚ್ಚಿಸದಿದ್ದರೂ ತುಕ್ಕು ಇದೇ ಕೆಲಸವನ್ನು ಮಾಡುತ್ತದೆ. ಕಮಾನಿನ ಪಟ್ಟಿಗಳು ಬಗ್ಗುವಾಗ ಒಂದರ ಮೇಲೊಂದು ಜಾರಬೇಕು. ಮಣ್ಣು, ನೀರು, ತುಕ್ಕು ಸೇರಿ ಅವನ್ನು ಕಚ್ಚಿಹಿಡಿದರೆ ಸಣ್ಣ ಏಟುಗಳಿಗೆ ಇಡೀ ಕಟ್ಟು ಒಂದೇ ಕಬ್ಬಿಣದ ದಿಮ್ಮಿಯಾಗಿ ವರ್ತಿಸುತ್ತದೆ. ಆಗ ಆಕ್ಸಲ್ ಹೌಸಿಂಗಿಗೂ ಚಾಸಿಸ್‌ಗೂ ನಡುವೆ ಚಲನೆಯೇ ಇರುವುದಿಲ್ಲ. ಚಲನೆ ಇಲ್ಲವೆಂದಮೇಲೆ ಶಾಕ್ ಅಬ್ಸಾರ್ಬರಿಗೂ ಕೆಲಸವಿಲ್ಲ, ಏಕೆಂದರೆ ಅದು ಅದುಮಿಸಿಕೊಂಡಾಗ ಅಥವಾ ಹಿಗ್ಗಿದಾಗ ಮಾತ್ರ ಎಣ್ಣೆಯನ್ನು ಸಣ್ಣ ರಂಧ್ರದಲ್ಲಿ ತೂರಿಸಿ ಕುಣಿತವನ್ನು ಶಾಖವಾಗಿಸಬಲ್ಲದು. ಉಳಿದ ಸ್ಪ್ರಿಂಗ್ ಒಂದೇ, ಟೈರು. ಗಾಡಿ ಟೈರಿನ ಗಾಳಿಯ ಮೇಲೆ ಕುಣಿಯುತ್ತದೆ, ಆ ಕುಣಿತವನ್ನು ತಡೆಯುವವರು ಯಾರೂ ಇರುವುದಿಲ್ಲ. ಹೊಸ ಶಾಕ್ಸ್ ಹಾಕಿಸಿದರೂ ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ ಎನ್ನುವವರಲ್ಲಿ ಹಲವರ ಗಾಡಿಯ ಕಥೆ ಇದು. ಪಟ್ಟಿ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಶ್ಯಾಕಲ್ ಬುಷ್ ನೋಡಿ, ಸೆಂಟರ್ ಬೋಲ್ಟ್ ಬದಲಿಸಿ ಕಟ್ಟಿಸುವುದು ಹೊಸ ಶಾಕ್ಸಿಗಿಂತ ಅಗ್ಗ.

ಶಾಕ್ ಅಬ್ಸಾರ್ಬರ್ ಸತ್ತಿದೆಯೋ ಇಲ್ಲವೋ ಎಂದು ನೋಡುವುದು ಸುಲಭ. ಗಾಡಿಯ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಕೈಬಿಡಿ. ಮೇಲೆ ಬಂದು ಒಂದು ಸಲ ತಗ್ಗಿ ನಿಂತರೆ ಜೀವವಿದೆ. ಮೂರು ನಾಲ್ಕು ಸಲ ತೂಗಿದರೆ ಹೋಗಿದೆ. ಮೈಮೇಲೆ ಎಣ್ಣೆ ಸೋರಿದ್ದರೆ ಈ ಪರೀಕ್ಷೆಯೂ ಬೇಡ. ಮೂಲೆ ಒತ್ತಿದರೆ ಅಲುಗುವುದೇ ಇಲ್ಲವಾದರೆ ಮತ್ತೆ ಪಟ್ಟಿಗಳ ಕಡೆ ನೋಡಿ. ಇನ್ನು ಗಾಳಿ: ಹೊರೆಗೆಂದು ತುಂಬಿಸಿದ ಗಾಳಿಯಲ್ಲೇ ತಿಂಗಳುಗಟ್ಟಲೆ ಖಾಲಿ ಓಡಿಸಿ, ಗಾಡಿ ಒರಟಾಯಿತೆಂದು ದೂರುವುದರಲ್ಲಿ ಅರ್ಥವಿಲ್ಲ.

ಈಗ ಎಂಬತ್ತರ ಅದುರಾಟ. ಇಲ್ಲಿಂದ ಎಣಿಕೆ ಶುರು.

215/75 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ನಲವತ್ತರಲ್ಲಿ 5 ಸುತ್ತು. ರಿಮ್ಮಿನ ಒಂದು ಕಡೆ 30 ಗ್ರಾಂ ತೂಕ ಹೆಚ್ಚಿದ್ದರೆ, ಎಂಬತ್ತರ ವೇಗದಲ್ಲಿ ಅದು ಸುಮಾರು 2.3 ಕಿಲೋಗ್ರಾಂ ಭಾರದಷ್ಟು ಬಲದಿಂದ ಚಕ್ರವನ್ನು ಸೆಕೆಂಡಿಗೆ ಹತ್ತು ಸಲ ಮೇಲೆ ಕೆಳಗೆ, ಹಿಂದೆ ಮುಂದೆ ಎಳೆಯುತ್ತದೆ. ನಲವತ್ತರಲ್ಲಿ ಆ ಬಲ ಅರ್ಧವಲ್ಲ, ಕಾಲುಭಾಗ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಊರೊಳಗೆ ಓಡಿಸುವಾಗ ಗೊತ್ತೇ ಆಗದ ದೋಷ ಹೆದ್ದಾರಿಗೆ ಬಂದಕೂಡಲೇ ತಲೆಯೆತ್ತುವುದು ಇದರಿಂದ. ಗದ್ದೆಗೆ ಇಳಿದು ಬಂದ ಗಾಡಿಯ ರಿಮ್ಮಿನ ಒಳಮೈಗೆ 200 ಗ್ರಾಂ ಕೆಸರು ಅಂಟಿ ಒಣಗಿದ್ದರಂತೂ ಬಲ 14 ಕಿಲೋಗ್ರಾಂ ಭಾರಕ್ಕೆ ಹತ್ತಿರವಾಗುತ್ತದೆ. ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಶುರುವಾದ ನಡುಕಕ್ಕೆ ಮೊದಲ ಔಷಧಿ ಒಂದು ಕೋಲು ಮತ್ತು ಎರಡು ಬಕೆಟ್ ನೀರು.

ಆದರೆ ಇಷ್ಟರಿಂದ ಒಂದು ವಿಚಿತ್ರ ಬಿಡಿಸಿಕೊಳ್ಳುವುದಿಲ್ಲ. ವೇಗ ಹೆಚ್ಚಿದಂತೆ ಬಲ ಹೆಚ್ಚುವುದಾದರೆ ನೂರರಲ್ಲಿ ನಡುಕ ಇನ್ನೂ ಜೋರಾಗಬೇಕು. "ತೊಂಬತ್ತು ದಾಟಿದ್ರೆ ನಿಂತೋಗುತ್ತೆ ಸಾರ್" ಎನ್ನುವ ಡ್ರೈವರುಗಳಿದ್ದಾರೆ, ಅವರ ಮಾತು ಸುಳ್ಳಲ್ಲ. ಚಕ್ರ ಮತ್ತು ಆಕ್ಸಲ್ ಸೇರಿದ ಭಾರ ಟೈರು ಮತ್ತು ಸಸ್ಪೆನ್ಶನ್ನಿನ ನಡುವೆ ಸಿಕ್ಕಿಕೊಂಡಿದೆಯಲ್ಲ, ಅದಕ್ಕೂ ಒಂದು ಸ್ವಾಭಾವಿಕ ಆವೃತ್ತಿಯಿದೆ: ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15. ಚಕ್ರದ ಸುತ್ತು ಸೆಕೆಂಡಿಗೆ ಹತ್ತನ್ನು ಮುಟ್ಟುವುದು ಎಂಬತ್ತರ ಆಸುಪಾಸಿನಲ್ಲಿ. ಎರಡೂ ದರ ಕೂಡಿಬಂದಾಗ ಸಣ್ಣ ತಳ್ಳಾಟಕ್ಕೂ ದೊಡ್ಡ ಕುಣಿತ ಹುಟ್ಟುತ್ತದೆ. ಇದು ಅನುರಣನೆ. ದರ ದಾಟಿದಮೇಲೆ ಬಲ ಹೆಚ್ಚಿದ್ದರೂ ಚಕ್ರ ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಆ ಕುಣಿತವನ್ನು ಹತೋಟಿಯಲ್ಲಿಡಬೇಕಾದದ್ದು ಶಾಕ್ ಅಬ್ಸಾರ್ಬರ್. ಅದು ಸೋತ ಗಾಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸವೂ ಕೈಗೆ ತಾಗುತ್ತದೆ. ಒಳ್ಳೆಯ ಶಾಕ್ಸ್ ಇರುವ ಗಾಡಿ ಅದರ ಎಷ್ಟೋ ಪಟ್ಟನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಆದ್ದರಿಂದ ಬ್ಯಾಲೆನ್ಸಿಂಗ್ ಮಾಡಿಸಿದಾಗ ನಡುಕ ಹೋಗಿ, ಎರಡೇ ತಿಂಗಳಲ್ಲಿ ಮರಳಿ ಬಂದರೆ ಬ್ಯಾಲೆನ್ಸಿಂಗಿನವನನ್ನು ಬೈಯುವ ಮೊದಲು ಟೈರಿನ ಮೈ ಸವರಿ ನೋಡಿ. ಅಲ್ಲಲ್ಲಿ ಹೊಂಡಹೊಂಡವಾಗಿ ಸವೆದಿದ್ದರೆ ಚಕ್ರ ನೆಲ ಬಿಟ್ಟು ಬಿಟ್ಟು ಓಡಿದೆ ಎಂದರ್ಥ.

ಬ್ಯಾಲೆನ್ಸಿಂಗ್ ಯಂತ್ರಕ್ಕೆ ಕಾಣದ ದೋಷಗಳೂ ಇವೆ. ಯಂತ್ರ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ. ಅದು ನೋಡುವುದು ತೂಕವನ್ನು ಮಾತ್ರ. ಟೈರಿನ ಒಂದು ಕಡೆ ಒಳಗಿನ ಉಕ್ಕಿನ ಪದರ ಬಿಟ್ಟುಕೊಂಡಿದ್ದರೆ, ತಿಂಗಳುಗಟ್ಟಲೆ ನಿಂತಲ್ಲೇ ನಿಂತು ತಳ ಚಪ್ಪಟೆಯಾಗಿದ್ದರೆ, ಅಥವಾ ರೀಟ್ರೆಡ್ ಮಾಡಿದ ರಬ್ಬರು ಒಂದು ಕಡೆ ದಪ್ಪಗಿದ್ದರೆ, ತೂಕ ಸರಿಹೋಗಿದ್ದರೂ ನೆಲವನ್ನು ಒತ್ತಿದಾಗ ಆ ಜಾಗ ಬೇರೆ ಬಿಗಿತದಿಂದ ಉತ್ತರಿಸುತ್ತದೆ. ಪರೀಕ್ಷೆಗೆ ಚಕ್ರವನ್ನು ಜಾಕ್ ಮೇಲೆತ್ತಿ, ಟೈರಿನ ಮೈಗೆ ತಾಗಿಯೂ ತಾಗದಂತೆ ಒಂದು ಸುಣ್ಣದ ಕಡ್ಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಗುರುತು ಬಿದ್ದ ಕಡೆ ಉಬ್ಬಿದೆ. ಏರುತಗ್ಗು ಒಂದೂವರೆ ಮಿಲಿಮೀಟರ್ ದಾಟಿದರೆ ಸಂಶಯಪಡಬೇಕು. ಹಾಗೇ ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿದರೆ ಬೇರಿಂಗಿನ ಆಟ, ಬಾಲ್ ಜಾಯಿಂಟಿನ ಆಟ ಕೈಗೆ ತಿಳಿಯುತ್ತದೆ. ಎಡಬಲ ಅಲ್ಲಾಡಿಸಿದರೆ ಟೈ ರಾಡಿನದು. ಹಿಂದಿನ ಮುಂದಿನ ಚಕ್ರಗಳನ್ನು ಅದಲುಬದಲು ಮಾಡಿ ಓಡಿಸುವುದು ಎಲ್ಲಕ್ಕಿಂತ ಅಗ್ಗದ ಪ್ರಯೋಗ. ನಡುಕ ಸ್ಟೇರಿಂಗಿನಿಂದ ಸೀಟಿಗೆ ವಲಸೆ ಹೋದರೆ ಕಳ್ಳ ಚಕ್ರದಲ್ಲೇ ಇದ್ದಾನೆ.

ಕೆಲವು ಗಾಡಿಗಳಲ್ಲಿ ನಡುಕ ಒಂದೇ ಸಮನೆ ಇರುವುದಿಲ್ಲ. ಬರುತ್ತದೆ, ಏರುತ್ತದೆ, ಇಳಿಯುತ್ತದೆ, ನಾಲ್ಕೈದು ಸೆಕೆಂಡು ಬಿಟ್ಟು ಮತ್ತೆ ಬರುತ್ತದೆ. ಶ್ರುತಿ ಸ್ವಲ್ಪ ಹೊಂದದ ತಂಬೂರಿಯ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದ ಅಲೆಅಲೆಯಾಗಿ ಏರಿಳಿಯುತ್ತದಲ್ಲ, ಇಲ್ಲಿಯೂ ನಡೆಯುವುದು ಅದೇ. ಇದು ವಿಸ್ಪಂದನ. ಹಿಂದಿನ ಒಂದು ಟೈರು ಹೊಸದು, ಇನ್ನೊಂದು ಸವೆದು ತ್ರಿಜ್ಯ ಶೇಕಡಾ 2ರಷ್ಟು ಕಡಿಮೆಯಾಗಿದೆ ಎನ್ನಿ. ಹೊಸದು ಸೆಕೆಂಡಿಗೆ 10 ಸುತ್ತಿದರೆ ಹಳೆಯದು 10.2 ಸುತ್ತುತ್ತದೆ. ವ್ಯತ್ಯಾಸ 0.2, ಅಂದರೆ 5 ಸೆಕೆಂಡಿಗೊಮ್ಮೆ ಎರಡರ ಏಟೂ ಒಂದೇ ಗಳಿಗೆಯಲ್ಲಿ ಬೀಳುತ್ತದೆ. ಹೀಗೆ ಏರಿಳಿಯುವ ನಡುಕ ಕಂಡರೆ ದೋಷ ಒಂದು ಚಕ್ರದಲ್ಲಿಲ್ಲ, ಎರಡರಲ್ಲಿ ಇದೆ. ಇಷ್ಟು ಖಚಿತವಾದ ಸುಳಿವನ್ನು ಯಾವ ಯಂತ್ರವೂ ಇಷ್ಟು ಸುಲಭವಾಗಿ ಕೊಡುವುದಿಲ್ಲ.

ಇನ್ನು ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿದ ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಕ್ರೌನ್-ಪಿನಿಯನ್ ಅನುಪಾತ 4.1 ಇದ್ದರೆ ಚಕ್ರ 10 ಸುತ್ತುವಷ್ಟರಲ್ಲಿ ಶಾಫ್ಟ್ 41 ಸುತ್ತುತ್ತದೆ. ಸೆಕೆಂಡಿಗೆ ಹತ್ತರ ನಡುಕವನ್ನು ಕಣ್ಣು ನೋಡಬಲ್ಲದು, ಕೈ ಹಿಡಿಯಬಲ್ಲದು. 41 ಹಾಗಲ್ಲ, ಅದು ನೆಲದ ತಗಡಿನಲ್ಲಿ, ಸೀಟಿನ ಕೆಳಗೆ ಝುಮ್ಮೆನ್ನುತ್ತದೆ, ಅರ್ಧ ಸ್ಪರ್ಶ, ಅರ್ಧ ಶಬ್ದ. ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುತ್ತದೆ. "ಅದುರುತ್ತೆ" ಎಂಬ ಒಂದೇ ಮಾತಿನಲ್ಲಿ ಇವೆರಡನ್ನೂ ಹೇಳಿಬಿಡುವುದರಿಂದಲೇ ಅರ್ಧ ಗೊಂದಲ.

ಶಾಫ್ಟಿನ ಎರಡು ತುದಿಗೆ ಇರುವ ಕೂಡುಗೀಲು, ನಮ್ಮ ಗ್ಯಾರೇಜುಗಳ 'ಕ್ರಾಸ್', ಮೋಟಾರು ಗಾಡಿಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರ ತನ್ನ ಪುಸ್ತಿಕೆಯಲ್ಲಿ, ಸೂರ್ಯನನ್ನು ನೋಡುವ ಉಪಕರಣಗಳನ್ನು ವಿವರಿಸುತ್ತ, ಇದನ್ನೂ ಬಣ್ಣಿಸಿದ್ದ. ಅದೇ ಪುಸ್ತಿಕೆಯ ಕೊನೆಯಲ್ಲಿ ಒಂದು ಅಕ್ಷರ ಒಗಟನ್ನೂ ಇಟ್ಟಿದ್ದ. ಎರಡು ವರ್ಷದ ನಂತರ ತಾನೇ ಬಿಡಿಸಿ ಹೇಳಿದ: ಸ್ಪ್ರಿಂಗಿನ ಹಿಗ್ಗುವಿಕೆ ಬಲಕ್ಕೆ ತಕ್ಕಷ್ಟು. ಮೇಲೆ ನಾವು ಐದನ್ನು ವರ್ಗಮೂಲದಿಂದ ಭಾಗಿಸಿದ್ದು ಆ ನಿಯಮದ ಬಲದಿಂದಲೇ. ಪಿಕಪ್ಪಿನ ಕೆಳಗೆ ಮಲಗಿ ನೋಡುವ ಮೆಕ್ಯಾನಿಕ್ಕಿಗೆ ಕಾಣುವುದರಲ್ಲಿ ಬಹುಪಾಲು ಹುಕ್ಕನ ಆಸ್ತಿ.

ಈ ಕೀಲಿಗೆ ಒಂದು ಹುಟ್ಟುದೋಷವಿದೆ. ಕೋನದಲ್ಲಿ ಬಾಗಿ ತಿರುಗುವಾಗ ಒಂದು ಕಡೆ ಸಮವೇಗ ಕೊಟ್ಟರೂ ಇನ್ನೊಂದು ಕಡೆ ಸಮವೇಗ ಬರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೋಡಿ, ಎರಡು ಸಲ ಹಿಂದುಳಿಯುತ್ತದೆ. 3 ಡಿಗ್ರಿ ಕೋನದಲ್ಲಿ ಈ ಏರಿಳಿತ ಸಾವಿರಕ್ಕೆ ಒಂದೂವರೆಗಿಂತ ಕಡಿಮೆ, ಯಾರಿಗೂ ತಿಳಿಯದು. 10 ಡಿಗ್ರಿಯಲ್ಲಿ ನೂರಕ್ಕೆ ಒಂದೂವರೆ. ಪರಿಹಾರ ಸರಳ: ಇನ್ನೊಂದು ತುದಿಯಲ್ಲಿ ಅಷ್ಟೇ ಕೋನದಲ್ಲಿ ಇನ್ನೊಂದು ಕ್ರಾಸ್ ಇಟ್ಟು, ಶಾಫ್ಟಿನ ಎರಡೂ ಕವೆಗಳನ್ನು ಒಂದೇ ಸಮತಲದಲ್ಲಿ ಜೋಡಿಸಿದರೆ, ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ತೀರಿಸುತ್ತದೆ.

ಗ್ಯಾರೇಜಿನಲ್ಲಿ ಕೆಡುವುದು ಈ ಜೋಡಣೆಯೇ. ಕ್ರಾಸ್ ಬದಲಿಸಲು ಶಾಫ್ಟನ್ನು ಹಲ್ಲುಗಳಿರುವ ಜಾರುಕೀಲಿನಲ್ಲಿ ಎಳೆದು ಬೇರೆ ಮಾಡುತ್ತಾರೆ, ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ಆಚೀಚೆ ಆಗುತ್ತದೆ. ಕವೆಗಳು ಒಂದೇ ಸಮತಲದಲ್ಲಿ ನಿಲ್ಲುವುದಿಲ್ಲ. ಹೊಸ ಕ್ರಾಸ್, ಹೊಸ ಗ್ರೀಸ್, ಜೊತೆಗೆ ಹೊಸ ನಡುಕ. "ಕೆಲಸ ಮಾಡಿಸಿದ ಮೇಲೇ ಶುರುವಾಯ್ತು" ಎಂಬ ದೂರಿಗೆ ಹುಡುಕಬೇಕಾದ ಮೊದಲ ಜಾಗ ಇದು. ಬಿಚ್ಚುವ ಮೊದಲು ಎರಡೂ ತುಂಡಿಗೆ ಪಂಚ್‌ನಿಂದ ಒಂದೊಂದು ಚುಕ್ಕೆ ಹೊಡೆದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಎರಡನೆಯ ಜಾಗ ಪಿನಿಯನ್ನಿನ ಕೋನ. ಮೇಲೆ ಹೇಳಿದ ಹೆಚ್ಚುವರಿ ಪಟ್ಟಿಗಳು ಗಾಡಿಯ ಹಿಂಭಾಗವನ್ನು ಎತ್ತಿ ಶಾಫ್ಟಿನ ಕೋನವನ್ನು ಕೆಡಿಸುತ್ತವೆ, ಅಲ್ಲಿಗೆ ಎರಡು ಕಾಯಿಲೆಗಳೂ ಒಂದೇ ಖರ್ಚಿನಲ್ಲಿ ಬಂದಂತೆ. ನಿಂತಲ್ಲಿಂದ ಕ್ಲಚ್ ಬಿಟ್ಟು ಹೊರಡುವಾಗ ಮಾತ್ರ ಗಡಗಡ ಎಂದರೆ ಸೆಂಟರ್ ಬೇರಿಂಗಿನ ರಬ್ಬರು ಅಥವಾ ಸಡಿಲವಾದ ಯು-ಬೋಲ್ಟು.

ಎಂಜಿನ್ನಿನ ವಿಷಯ ಬೇಗ ಮುಗಿಯುತ್ತದೆ. ಗಾಡಿ ನಿಂತಿದ್ದಾಗ ಆಕ್ಸಿಲರೇಟರ್ ಒತ್ತಿದರೂ ಅದೇ ನಡುಕ ಬಂದರೆ ಅದು ಎಂಜಿನ್ನಿನದು. ಬಹುತೇಕ ಒಣಗಿ ಗಟ್ಟಿಯಾದ ಮೌಂಟಿಂಗ್ ರಬ್ಬರು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡ್ರಮ್ಮು ಅಥವಾ ಡಿಸ್ಕು.

ಒಂದು ತೊಡಕನ್ನು ಮಾತ್ರ ಹೇಳಲೇಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ಕ್ರಾಸ್ ಕೂಡ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ತುಯ್ಯುತ್ತದೆ. ಐದು ಗೇರಿನ ಬಹುಪಾಲು ಪಿಕಪ್ಪುಗಳಲ್ಲಿ ನಾಲ್ಕನೇ ಗೇರು ನೇರ ಗೇರು. ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಎಂಬತ್ತರಲ್ಲಿ, ನಾಲ್ಕನೇ ಗೇರಿನಲ್ಲಿ, ಎರಡರ ಲೆಕ್ಕವೂ ಸೆಕೆಂಡಿಗೆ 82. ಕಿವಿಯಾಗಲೀ ಯಂತ್ರವಾಗಲೀ ಅವನ್ನು ಬೇರ್ಪಡಿಸಲಾರದು. ಐದಕ್ಕೆ ಹಾಕಿ ಅದೇ ವೇಗ ಹಿಡಿಯಿರಿ. ಎಂಜಿನ್ ನಿಧಾನವಾಗುತ್ತದೆ, ಶಾಫ್ಟ್ ಆಗುವುದಿಲ್ಲ. ನಡುಕದ ಶ್ರುತಿ ಇಳಿದರೆ ಎಂಜಿನ್, ಇದ್ದಂತೆಯೇ ಇದ್ದರೆ ಶಾಫ್ಟ್. ಅದಾದ ಮೇಲೆ ಖಾಲಿ ನೇರ ರಸ್ತೆಯಲ್ಲಿ ಒಮ್ಮೆ ಕ್ಲಚ್ ಒತ್ತಿ ಹಾಗೇ ಓಡಲು ಬಿಡಿ. ಆಗಲೂ ಉಳಿದದ್ದು ಚಕ್ರದ್ದು ಅಥವಾ ಶಾಫ್ಟಿನದು. ಎಂಜಿನ್ ಎಳೆಯುವುದು ನಿಂತಕೂಡಲೇ ಹೋದದ್ದು ಎಂಜಿನ್ನಿನ ಕಡೆಯದು, ಇಲ್ಲವೇ ಎಳೆತದ ಭಾರ ಬಿದ್ದಾಗ ಮಾತ್ರ ಅಲ್ಲಾಡುವ ಸವೆದ ಕ್ರಾಸು.

ಕಿವಿ ಕೈಗಳ ಮೇಲೆ ನಂಬಿಕೆ ಸಾಲದವರಿಗೆ ಜೇಬಿನಲ್ಲೇ ಉಪಕರಣವಿದೆ. ಸ್ಮಾರ್ಟ್‌ಫೋನಿನ ಪರದೆಯನ್ನು ಅಡ್ಡ ಉದ್ದ ತಿರುಗಿಸುವ ವೇಗೋತ್ಕರ್ಷ ಮಾಪಕ ಕಂಪನವನ್ನೂ ಅಳೆಯುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಆ ಅಳತೆಯನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುತ್ತದೆ. ಎಂಥ ಗೋಜಲು ಅಲುಗಾಟವನ್ನೂ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರ ತನ್ನ ಗ್ರಂಥದಲ್ಲಿ ತೋರಿಸಿದ. ಅವನಿಗೆ ಬೇಕಿದ್ದದ್ದು ಶಾಖ ಹರಿಯುವ ಲೆಕ್ಕ. ಫೋನನ್ನು ಸೀಟಿನ ಕೆಳಗಿನ ನೆಲಕ್ಕೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರಲ್ಲ. 10ರಲ್ಲಿ ಮೊನೆ ಎದ್ದರೆ ಚಕ್ರ, 41ರಲ್ಲಿ ಎದ್ದರೆ ಶಾಫ್ಟ್. ಸೆಕೆಂಡಿಗೆ 100 ಸಲ ಅಳೆಯುವ ಫೋನು 50ರ ಆಚೆಯದನ್ನು ಸರಿಯಾಗಿ ಕಾಣದು ಎಂಬುದು ನೆನಪಿರಲಿ. 82ರ ಕಂಪನ ಅದರಲ್ಲಿ 18ರ ವೇಷ ಹಾಕಿಕೊಂಡು ಬಂದು ದಾರಿ ತಪ್ಪಿಸಬಹುದು.

ಗ್ಯಾರೇಜಿಗೆ ಹೋದಾಗ "ಅದುರುತ್ತೆ" ಎಂದಷ್ಟೇ ಹೇಳಬೇಡಿ. ಯಾವ ವೇಗದಲ್ಲಿ ಶುರು, ಯಾವುದರಲ್ಲಿ ನಿಲುಗಡೆ, ಗೇರು ಬದಲಿಸಿದರೆ ಏನು, ಕ್ಲಚ್ ಒತ್ತಿದರೆ ಏನು, ಹೊರೆಯಿದ್ದಾಗ ಹೇಗೆ, ಕೈಗೋ ಸೀಟಿಗೋ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಅದು ಸಾಕು. ಆದರೆ ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ, ವೀಲ್ ನಟ್ಟು ಸಡಿಲವಾಗಿದ್ದರೆ, ಕ್ರಾಸಿನಿಂದ ಕೆಂಪು ತುಕ್ಕಿನ ಪುಡಿ ಉದುರಿದ್ದರೆ ಎಣಿಕೆ, ಚೀಟಿ ಯಾವುದಕ್ಕೂ ಕಾಯಬೇಡಿ. ಉಬ್ಬಿದ ಟೈರು ತೆಗೆದು ಸ್ಟೆಪ್ನಿ ಹಾಕಿ, ನಟ್ಟು ಬಿಗಿಸಿ. ಕ್ರಾಸ್ ಹೋಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ತುಂಡಾದ ಶಾಫ್ಟ್ ಎಂಬತ್ತರ ವೇಗದಲ್ಲಿ ನೆಲಕ್ಕೆ ಕಚ್ಚಿಕೊಂಡರೆ ಗಾಡಿ ಪಲ್ಟಿಯಾಗಬಹುದು.